18 ತುಂಬಿತೇ? ಇಎಂಟಿ ಆಗಲು 9 ಸೂತ್ರಗಳು

ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಸೈರನ್ ಕೇಳಿಸಿದರೆ ಎಲ್ಲರೂ ನೋಡುವುದು ಆಂಬುಲೆನ್ಸ್ ಓಡಿಸುವವರನ್ನು. ಹಿಂದೆ ಪೇಶೆಂಟ್ ಪಕ್ಕ ಕೂತು ಉಸಿರು, ನಾಡಿ ನೋಡುತ್ತಿರುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರೇ ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಶಿಯನ್. 2008ರ ನವೆಂಬರ್ 1ರಂದು ಆರೋಗ್ಯ ಕವಚ 108 ಶುರುವಾದ ಮೇಲೆ ಕರ್ನಾಟಕದ ಹಳ್ಳಿಹಳ್ಳಿಗೂ ಈ ಕೆಲಸದ ಪರಿಚಯವಾಯಿತು. ಯಶವಂತಪುರ, ಮತ್ತಿಕೆರೆ, ಪೀಣ್ಯದ ಹುಡುಗ ಹುಡುಗಿಯರೇ, ಆ ಸೀಟು ನಿಮಗೂ ಸಿಗುತ್ತದೆ. ಹೀಗೆ ಮಾಡಿ.

1. ವಯಸ್ಸಿನ ಲೆಕ್ಕ ಇವತ್ತೇ ಮುಗಿಸಿ
ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಪ್ರಕಾರ ಇಎಂಟಿ ಬೇಸಿಕ್ ಕೆಲಸಕ್ಕೆ ಕನಿಷ್ಠ ವಯಸ್ಸು 18. ಆಂಬುಲೆನ್ಸ್ ಓಡಿಸುವವರನ್ನು 108ರಲ್ಲಿ ಪೈಲಟ್ ಅನ್ನುತ್ತಾರೆ. ಆಂಬುಲೆನ್ಸ್‌ನಂಥ ಟ್ರಾನ್ಸ್‌ಪೋರ್ಟ್ ವಾಹನ ಓಡಿಸಲು ಕಾನೂನು 20 ವರ್ಷ ಕೇಳುತ್ತದೆ, ಆದ್ದರಿಂದ ಪೈಲಟ್‌ಗಿಂತ ಮೊದಲೇ ನೀವು ಕೆಲಸಕ್ಕೆ ಸೇರಬಹುದು. ಗರಿಷ್ಠ ವಯಸ್ಸು ಒಂದೊಂದು ನೇಮಕಾತಿಗೆ ಒಂದೊಂದು ಇರುತ್ತದೆ. ನೋಟಿಫಿಕೇಶನ್ ಕೊನೆಯ ಸಾಲಿನವರೆಗೂ ಓದಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಮತ್ತು ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಈಗಲೇ ಸರಿ ಮಾಡಿಸಿ. "ನನಗಾಗಲೇ 25, ತಡವಾಯಿತು" ಅನ್ನುವುದು ಬರೀ ಅಭ್ಯಾಸ. ಬಿಟ್ಟುಬಿಡಿ.

2. ಪಿಯುಸಿಯಲ್ಲಿ ಬಯಾಲಜಿ ಕೈಬಿಡಬೇಡಿ
ಸೈನ್ಸ್‌ನಲ್ಲಿ ಪಿಯುಸಿ ಮುಗಿಸಿ. ಅಲೈಡ್ ಹೆಲ್ತ್ ಡಿಗ್ರಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು.

3. ದಾರಿ ಯಾವುದೆಂದು ತೀರ್ಮಾನಿಸಿ
ಮೂರು ದಾರಿಗಳಿವೆ. ಮೊದಲನೆಯದು ಪಿಯುಸಿ ಆದಮೇಲಿನ ಸ್ಕಿಲ್ ಕೋರ್ಸ್, ಇಎಂಟಿ ಬೇಸಿಕ್. ಬೇಗ ಮುಗಿಯುತ್ತದೆ, ಬೇಗ ದುಡಿಮೆಗೆ ಇಳಿಯಬಹುದು. ಎರಡನೆಯದು ಎಮರ್ಜೆನ್ಸಿ ಮತ್ತು ಟ್ರಾಮಾ ಕೇರ್‌ನಂಥ ಅಲೈಡ್ ಹೆಲ್ತ್ ಬಿಎಸ್ಸಿ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಇದರ ರೂಢಿಯ ಅಳತೆ. ಮೂರನೆಯದು ನರ್ಸಿಂಗ್. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿದವರು ಆಂಬುಲೆನ್ಸ್‌ಗೆ ಬರುವುದು ನಮ್ಮಲ್ಲಿ ಸಾಮಾನ್ಯ.

ಮನೆಯ ಪರಿಸ್ಥಿತಿ ಅನುಮತಿಸಿದರೆ ಡಿಗ್ರಿಗೇ ಹೋಗಿ. ಕಾರಣ ಸ್ಪಷ್ಟ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಈ ವೃತ್ತಿಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅಲೈಡ್ ಹೆಲ್ತ್ ವೃತ್ತಿಪರ ಎನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2000 ಗಂಟೆಗಳ ಡಿಪ್ಲೊಮಾ ಅಥವಾ ಡಿಗ್ರಿ ಬೇಕು ಎನ್ನುತ್ತದೆ ಅದು. ನಾಳೆಯ ಪ್ರಮೋಷನ್, ಟ್ರೈನರ್ ಹುದ್ದೆ, ವಿದೇಶದ ಅವಕಾಶ ಎಲ್ಲಕ್ಕೂ ಈ ಓದು ನೆರವಾಗಬಹುದು. ದುಡಿಯಲೇಬೇಕಾದ ಮನೆಯವರು ಬೇಸಿಕ್‌ನಿಂದ ಶುರುಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ.

4. ಫೀಸ್ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ
ಸರ್ಟಿಫಿಕೇಟ್ ಕೊಡುವುದು ಯಾವ ಯೂನಿವರ್ಸಿಟಿ ಅಥವಾ ಕೌನ್ಸಿಲ್? ಯಾವ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡ್‌ನಲ್ಲಿ ಪೋಸ್ಟಿಂಗ್? ಆಂಬುಲೆನ್ಸ್‌ನಲ್ಲಿ ಎಷ್ಟು ಗಂಟೆ ಡ್ಯೂಟಿ ಮಾಡಿಸುತ್ತೀರಿ? ಉತ್ತರ ಬರವಣಿಗೆಯಲ್ಲಿ ಪಡೆಯಿರಿ. "ಜಾಬ್ ಗ್ಯಾರಂಟಿ" ಎಂದಷ್ಟೇ ಹೇಳಿ ಮಾತು ತೇಲಿಸಿದರೆ ಎದ್ದು ಬನ್ನಿ. ಅಪ್ಪ ಅಮ್ಮ ಕೂಡಿಟ್ಟ ಹಣ ಅದು.

5. ಬಿಎಲ್‌ಎಸ್ ಈಗಲೇ ಕಲಿಯಿರಿ
ಬೇಸಿಕ್ ಲೈಫ್ ಸಪೋರ್ಟ್ ಕೋರ್ಸ್ ಬಹಳ ಚಿಕ್ಕದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಕಾರ್ಡ್ ಎರಡು ವರ್ಷ ನಡೆಯುತ್ತದೆ. ದೊಡ್ಡವರಿಗೆ ಸಿಪಿಆರ್ ಮಾಡುವಾಗ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. 30 ಒತ್ತಿದ ಮೇಲೆ 2 ಉಸಿರು. ಓದಿದರೆ ಒಂದು ನಿಮಿಷದಲ್ಲಿ ಬಾಯಿಪಾಠ ಆಗುತ್ತದೆ. ಮ್ಯಾನಿಕಿನ್ ಗೊಂಬೆಯ ಮೇಲೆ ಎರಡು ನಿಮಿಷ ಮಾಡಿದರೆ ಭುಜ ಸೋಲುತ್ತದೆ, ಲಯ ತಪ್ಪುತ್ತದೆ. ಆ ಲಯ ಕೈಗೆ ಕೂರುವವರೆಗೂ ಪ್ರಾಕ್ಟೀಸ್ ಮಾಡಿ. ಹೃದಯ ನಿಂತವರ ಮಿದುಳಿಗೆ ರಕ್ತ ತಳ್ಳುವುದು ಆ ಹೊತ್ತಿನಲ್ಲಿ ನಿಮ್ಮ ಎರಡು ಕೈಗಳೇ.

6. ಮೈ ಗಟ್ಟಿ ಮಾಡಿಕೊಳ್ಳಿ
ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ 80 ಕೆಜಿಯ ಪೇಶೆಂಟನ್ನು ಇಳಿಸಬೇಕಾಗುತ್ತದೆ. ಬೆನ್ನು ಬಗ್ಗಿಸಿ ಎತ್ತಬೇಡಿ, ಮಂಡಿ ಬಗ್ಗಿಸಿ ಎತ್ತಿ. ತಪ್ಪಾಗಿ ಎತ್ತಿ ಸೊಂಟ ಹೋದರೆ ಕೆಲಸವೂ ಹೋಗುತ್ತದೆ.

7. ಏರಿಯಾ ನಿಮ್ಮ ಸಿಲಬಸ್ ಎಂದುಕೊಳ್ಳಿ
ಜಿಪಿಎಸ್ ದಾರಿ ತೋರಿಸುತ್ತದೆ, ನಿರ್ಧಾರ ನಿಮ್ಮದು. ಯಶವಂತಪುರ ರೈಲ್ವೆ ಸ್ಟೇಷನ್‌ಗೆ ಮೆಟ್ರೊ ಕಡೆಗೊಂದು ಬಾಗಿಲು, ಮಾರ್ಕೆಟ್ ಕಡೆಗೊಂದು ಬಾಗಿಲು. "ಸ್ಟೇಷನ್ ಹತ್ತಿರ ಬಿದ್ದಿದ್ದಾರೆ" ಎಂದು ಕಾಲ್ ಬಂದರೆ ಯಾವ ಕಡೆ ಎಂದು ಮೊದಲು ಕೇಳಿ. ತಪ್ಪು ಕಡೆ ಹೋದರೆ ಟ್ರಾಫಿಕ್‌ನಲ್ಲಿ ಸುತ್ತಿ ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದಿರುತ್ತವೆ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದಾಗ ತುಮಕೂರು ರಸ್ತೆಯ ಗಾಡಿಗಳೆಲ್ಲ ಕೆಳಗಿನ ರಸ್ತೆಗೆ ಇಳಿದವು. ಇಂಥ ಬದಲಾವಣೆಗಳು ಬೆಳಗಿನ ಡ್ಯೂಟಿಗೆ ಮುಂಚೆಯೇ ನಿಮಗೆ ಗೊತ್ತಿರಬೇಕು.

ಆಸ್ಪತ್ರೆಗಳನ್ನೂ ಕಲಿಯಿರಿ. ಎಂ.ಎಸ್. ರಾಮಯ್ಯ ಮತ್ತು ಮಲ್ಲೇಶ್ವರದ ಕೆ.ಸಿ. ಜನರಲ್ ಹತ್ತಿರದಲ್ಲಿವೆ. ತಲೆ ಪೆಟ್ಟಿಗೆ ನಿಮ್ಹಾನ್ಸ್, ಹೃದಯಕ್ಕೆ ಜಯದೇವ ಹೆಸರಾದವು, ಆದರೆ ಎರಡರ ಮುಖ್ಯ ಆಸ್ಪತ್ರೆಗಳೂ ನಗರದ ದಕ್ಷಿಣದಲ್ಲಿವೆ. ಪೇಶೆಂಟ್ ಅಷ್ಟು ದೂರ ತಡೆಯುತ್ತಾರೆಯೇ, ಹತ್ತಿರದಲ್ಲೇ ಸ್ಥಿರಗೊಳಿಸಬೇಕೇ? ಅನುಮಾನ ಬಂದರೆ ಕಾಲ್ ಸೆಂಟರ್‌ನ ಡಾಕ್ಟರ್‌ಗೆ ಫೋನ್ ಮಾಡಿ. ಕೇಳುವುದು ದೌರ್ಬಲ್ಯವಲ್ಲ, ಪ್ರೊಟೊಕಾಲ್.

8. ಐದು ಪ್ರಶ್ನೆ, ಐದು ಭಾಷೆ
ಎಲ್ಲಿ ನೋವು? ಯಾವಾಗಿಂದ? ಶುಗರ್, ಬಿಪಿ ಇದೆಯಾ? ಯಾವ ಮಾತ್ರೆ ತಗೋತೀರಿ? ಯಾವುದಾದರೂ ಔಷಧಿ ಅಲರ್ಜಿಯೇ? ಇವನ್ನು ಕನ್ನಡ, ಹಿಂದಿ, ಉರ್ದು, ತಮಿಳು, ತೆಲುಗಿನಲ್ಲಿ ಕೇಳಲು ಕಲಿಯಿರಿ. ಎಪಿಎಂಸಿ ಯಾರ್ಡ್‌ನ ಹಮಾಲರು, ಪೀಣ್ಯದ ಕಾರ್ಮಿಕರು ದೂರದೂರದ ಊರಿನವರು. ನೋವಿನಲ್ಲಿರುವವರ ಬಾಯಿಗೆ ಮೊದಲು ಬರುವುದು ತಾಯಿನುಡಿ. ಅದರಲ್ಲೇ ಮಾತಾಡಿಸಿದರೆ ಧೈರ್ಯ ಬರುತ್ತದೆ, ಸರಿಯಾದ ಮಾಹಿತಿಯೂ ಸಿಗುತ್ತದೆ.

9. ಕಾನೂನು, ಯೋಜನೆ ತಿಳಿದಿರಲಿ
2016ರ ಫೆಬ್ರವರಿ 16ರಂದು ಇದೇ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಬಳಿ, ಬೈಕ್‌ನಲ್ಲಿ ಬರುತ್ತಿದ್ದ ಹರೀಶ್ ನಂಜಪ್ಪ ಅವರ ದೇಹ ಲಾರಿಗೆ ಸಿಕ್ಕಿ ಎರಡು ಭಾಗವಾಯಿತು. ಆ ಸ್ಥಿತಿಯಲ್ಲೂ ಅವರು ತಮ್ಮ ಅಂಗಗಳನ್ನು ದಾನ ಮಾಡಿ ಎಂದು ಬೇಡಿಕೊಂಡರು. ಅವರು ಉಳಿಯಲಿಲ್ಲ, ಕಣ್ಣುಗಳು ದಾನವಾದವು. ಅವರ ಹೆಸರಿನಲ್ಲೇ ಸರ್ಕಾರ ಅದೇ ವರ್ಷ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆ ಕೊಡಿಸುವುದು ಅದರ ಉದ್ದೇಶವಾಗಿತ್ತು. ಗಾಯಾಳುಗಳಿಗೆ ನೆರವಾದವರನ್ನು ಕಾಪಾಡಲು ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲೂ ಆ ರಕ್ಷಣೆ ಇದೆ. ಕೇಸಿಗೆ ಹೆದರಿ ಹಿಂದೆ ಸರಿಯುವ ಜನರಿಗೆ ಸ್ಥಳದಲ್ಲೇ ಇದನ್ನು ಹೇಳಿ. ಎತ್ತಲು ನಾಲ್ಕು ಕೈ ಸೇರುತ್ತವೆ.

"ರಕ್ತ ಕಂಡರೆ ತಲೆ ತಿರುಗುತ್ತದೆ, ನನ್ನಿಂದಾಗದು" ಎನ್ನುತ್ತೀರಾ? ಟ್ರೈನಿಂಗ್ ಇರುವುದೇ ಅದಕ್ಕೆ. ವಾರ್ಡ್ ಪೋಸ್ಟಿಂಗ್‌ನಲ್ಲಿ ದಿನವೂ ನೋಡುತ್ತಾ ಕೈಗೆ ಕೆಲಸ ಸಿಕ್ಕಿದರೆ ಭಯಕ್ಕೆ ಸಮಯ ಉಳಿಯುವುದಿಲ್ಲ. 18 ತುಂಬಲು ಇನ್ನೂ ಆರು ತಿಂಗಳಿದ್ದರೆ ಸುಮ್ಮನೆ ಕಾಯಬೇಡಿ. ಈ ವಾರವೇ ಒಂದು ಬಿಎಲ್‌ಎಸ್ ಕ್ಲಾಸ್‌ಗೆ ಹೆಸರು ಕೊಡಿ.