ಮಿದುಳಿನ ಗೆಡ್ಡೆಗೆ ಲಸಿಕೆ: ಭರವಸೆ ಎಷ್ಟು, ಆತುರ ಯಾವುದಕ್ಕೆ?

ಚಿಕ್ಕಬಾಣಾವರದ ಓದುಗರು ತಮ್ಮ ಅಣ್ಣನವರ ಗ್ಲಿಯೋಬ್ಲಾಸ್ಟೋಮಾಗೆ, ಅಂದರೆ ಮಿದುಳಿನ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳಿಂದ ಹುಟ್ಟಿ ಬೇಗ ಹರಡುವ ಮಾರಕ ಗೆಡ್ಡೆಗೆ, ಲಸಿಕೆ ಕೊಡಿಸಬಹುದೇ ಎಂದು ಕೇಳಿದ್ದಾರೆ. ಇದು ಪೋಲಿಯೊ ಲಸಿಕೆಯಂತೆ ರೋಗವನ್ನು ಮುಂಚಿತವಾಗಿ ತಡೆಯುವಂಥದ್ದಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗೆಡ್ಡೆಯ ಅಂಶವನ್ನು, ರೋಗಿಯ ರಕ್ತದಿಂದಲೇ ಬೆಳೆಸಿದ ಡೆಂಡ್ರಿಟಿಕ್ ಕೋಶಗಳಿಗೆ ಪ್ರಯೋಗಾಲಯದಲ್ಲಿ ಪರಿಚಯಿಸಿ, ಅವು ದೇಹದ ರಕ್ಷಕ ಟಿ-ಕೋಶಗಳಿಗೆ ಶತ್ರುವಿನ ಗುರುತು ತೋರಿಸಲೆಂದು ಚುಚ್ಚುಮದ್ದಾಗಿ ಮರಳಿ ನೀಡುವ ಚಿಕಿತ್ಸೆ.

2022ರಲ್ಲಿ ಪ್ರಕಟವಾದ, 331 ರೋಗಿಗಳಿದ್ದ, ಇಂಥದೇ ಲಸಿಕೆಯಾದ ಡಿಸಿವ್ಯಾಕ್ಸ್-ಎಲ್ ಕುರಿತ ಅಧ್ಯಯನದಲ್ಲಿ, ಹೊಸದಾಗಿ ರೋಗ ಪತ್ತೆಯಾಗಿ ಲಸಿಕೆ ಪಡೆದವರ ಮಧ್ಯಾಂಕ ಬದುಕುಳಿಕೆ, ಅಂದರೆ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ, 19.3 ತಿಂಗಳಾಗಿದ್ದು, ಹೋಲಿಕೆಯ ಗುಂಪಿನಲ್ಲಿ 16.5 ತಿಂಗಳಿತ್ತು. ಆದರೆ ಆ ಗುಂಪನ್ನು ಬೇರೆ ಅಧ್ಯಯನಗಳಿಂದ ಆಯ್ದುಕೊಂಡದ್ದರಿಂದ ಫಲಿತಾಂಶವನ್ನು ಅಂತಿಮವೆನ್ನಲಾಗದು. ರಿಂಡೋಪೆಪಿಮಟ್ ಎಂಬ ಮತ್ತೊಂದು ಲಸಿಕೆಯಂತೂ ಮೂರನೆಯ ಹಂತದ ಪರೀಕ್ಷೆಯಲ್ಲಿ ಆಯುಷ್ಯವನ್ನು ಹೆಚ್ಚಿಸಲಿಲ್ಲ.

ಆದ್ದರಿಂದ ನಿಮ್ಹಾನ್ಸ್ ಅಥವಾ ಕಿದ್ವಾಯಿಯಂಥ ಸಂಸ್ಥೆಯ ತಜ್ಞರು ಸೂಚಿಸುವ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಟೆಮೊಜೊಲೊಮೈಡ್ ಮಾತ್ರೆಗಳನ್ನು ಲಸಿಕೆಗಾಗಿ ಕಾಯುತ್ತಾ ಮುಂದೂಡಬಾರದು. ಗೆಡ್ಡೆಯ ತುಣುಕನ್ನು ಘನೀಕರಿಸಿಡುವ ಸಾಧ್ಯತೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ವಿಚಾರಿಸುವುದು ಲೇಸು, ಏಕೆಂದರೆ ಆ ಅವಕಾಶ ಸುಲಭವಾಗಿ ಮತ್ತೆ ಬರುವುದಿಲ್ಲ. ಲಸಿಕೆಯ ಪ್ರಯೋಗವೆಂದು ಯಾರಾದರೂ ಹಣ ಕೇಳಿದರೆ, ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಅದರ ನೋಂದಣಿ ಇದೆಯೇ ಎಂದು ನೋಡದೆ, ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳದೆ, ದಯವಿಟ್ಟು ಮನೆ-ಸೈಟು ಮಾರಬೇಡಿ.