ಹಾಲು ಕರೆಯುವ ಯಂತ್ರದ ಲೈನರ್ ಸವೆದಿದೆಯೇ? ಪರೀಕ್ಷಿಸಿಕೊಳ್ಳಿ



"ಡಾಕ್ಟ್ರೇ, ಮೆಷಿನ್ ಹಾಕಿದ ಮೇಲೆ ಕೆಚ್ಚಲು ಬಾವು ಜಾಸ್ತಿಯಾಯ್ತು" ಎಂದು ಹೇಳುವವರಿದ್ದಾರೆ. ಅಂಥ ಕೊಟ್ಟಿಗೆಯಲ್ಲಿ ನಾನು ಹಸುವಿನ ಜೊತೆಗೆ ಯಂತ್ರದ ರಬ್ಬರನ್ನೂ ನೋಡುತ್ತೇನೆ. ಪಂಪಿಗೆ ಆಯಿಲ್ ಹಾಕಿರುತ್ತಾರೆ, ಲೈನರ್ ಮಾತ್ರ ತಂದ ದಿನದ್ದೇ ಇರುತ್ತದೆ.

ಸ್ಟೀಲ್ ಕಪ್ಪಿನೊಳಗಿನ ಈ ರಬ್ಬರ್ ನಳಿಗೆಯೇ ಮೊಲೆತೊಟ್ಟನ್ನು ಹಿಡಿಯುವ ಭಾಗ. ಪಲ್ಸೇಟರ್ ಇದನ್ನು ನಿಮಿಷಕ್ಕೆ ಸುಮಾರು 60 ಸಲ ತೆರೆದು ಮುಚ್ಚುತ್ತದೆ. ತೆರೆದಾಗ ಹಾಲು ಇಳಿಯುತ್ತದೆ. ಮುಚ್ಚಿದಾಗ ತೊಟ್ಟಿಗೆ ವಿಶ್ರಾಂತಿ ಸಿಕ್ಕಿ ರಕ್ತ ಸಂಚಾರ ಸರಾಗವಾಗುತ್ತದೆ. ಬಳಸುತ್ತ ಹೋದಂತೆ ರಬ್ಬರ್ ಬಿಗಿ ಕಳೆದುಕೊಳ್ಳುತ್ತದೆ, ಹಾಲಿನ ಜಿಡ್ಡು ಹೀರಿ ಉಬ್ಬುತ್ತದೆ, ಒಳಗೆ ಸಣ್ಣ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಸೇರಿದ ರೋಗಾಣು ತೊಳೆದರೂ ಸುಲಭವಾಗಿ ಹೋಗದು.

ವಾರಕ್ಕೊಮ್ಮೆ ಹೀಗೆ ಪರೀಕ್ಷಿಸಿ:

1. ಲೈನರಿನ ಬಾಯಿಯ ಅಂಚು ಹರಿದಿದೆಯೇ, ಸಡಿಲವಾಗಿದೆಯೇ ನೋಡಿ.
2. ಬೆಳಕಿಗೆ ಹಿಡಿದು ಒಳಗೆ ಇಣುಕಿ. ದುಂಡಗಿದ್ದ ನಳಿಗೆ ಚಪ್ಪಟೆಯಾಗಿದ್ದರೆ ಅದರ ಆಯಸ್ಸು ಮುಗಿದಂತೆ.
3. ತೊಳೆದ ಕೈಬೆರಳು ಆಡಿಸಿ. ಒರಟಾಗಿದ್ದರೆ, ಅಂಟಂಟಾಗಿದ್ದರೆ ಬದಲಿಸಿ.
4. ಸಣ್ಣ ಗಾಳಿ ಕೊಳವೆಗಳನ್ನು ಬಾಗಿಸಿ ಸೀಳು ಹುಡುಕಿ.

ಹಸುವೂ ಸೂಚನೆ ಕೊಡುತ್ತದೆ. ಕಪ್ಪು ಜಾರಿ "ಸುಂಯ್" ಎಂದು ಗಾಳಿ ಎಳೆಯುವುದು, ಹಸು ಒದೆಯುವುದು, ಕರೆದ ಮೇಲೆ ತೊಟ್ಟಿನ ತುದಿ ಊದಿ ಕೆಂಪಗಾಗುವುದು, ಇವನ್ನು ಕಡೆಗಣಿಸಬೇಡಿ. ನಿರ್ವಾತದ ಒತ್ತಡ ಹೆಚ್ಚಾದರೂ ಪಲ್ಸೇಟರ್ ಕೆಟ್ಟರೂ ಹೀಗಾಗಬಹುದು. ಅವನ್ನೂ ಮೆಕ್ಯಾನಿಕ್‌ಗೆ ತೋರಿಸಿ.

ಎಲ್ಲ ಸವೆತವೂ ಕಣ್ಣಿಗೆ ಕಾಣದು. ಆದ್ದರಿಂದ ಲೆಕ್ಕವಿಡಿ. ಸಾಮಾನ್ಯ ರಬ್ಬರ್ ಲೈನರಿನ ಆಯಸ್ಸು 2,500 ಕರೆತ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಒಂದೇ ಕ್ಲಸ್ಟರಿನಿಂದ 10 ಹಸುಗಳನ್ನು ಎರಡು ಹೊತ್ತು ಕರೆದರೆ ದಿನಕ್ಕೆ 20 ಕರೆತ. 125 ದಿನಕ್ಕೆ ಲೈನರ್ ಮುಗಿಯಿತು. ನಾಲ್ಕೇ ಹಸುಗಳಿದ್ದರೆ ಆರು ತಿಂಗಳ ಗಡುವೇ ಮೊದಲು ಬರುತ್ತದೆ. ಯಂತ್ರದ ಕೈಪಿಡಿಯಲ್ಲಿ ಬೇರೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.

ಕರೆದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ, ನಂತರ ಯಂತ್ರಕ್ಕೆಂದೇ ಇರುವ ಪುಡಿ ಹಾಕಿದ ಬಿಸಿನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ತೂಗುಹಾಕಿ. ಬಿಸಿಲಿಗೆ ರಬ್ಬರ್ ಬೇಗ ಹಾಳಾಗುತ್ತದೆ.

ಲೈನರಿಗೆ ಖರ್ಚಿದೆ, ನಿಜ. ಆದರೆ ಬಾವು ಬಂದರೆ ಔಷಧಿಯ ಖರ್ಚು, ಡೇರಿಗೆ ಹಾಕಲಾಗದೆ ಚೆಲ್ಲುವ ಹಾಲು, ಕೆಲವೊಮ್ಮೆ ಒಂದು ಮೊಲೆಯೇ ನಷ್ಟ. ಈ ಸಲ ತೆಗೆದ ಹಳೆಯ ಲೈನರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಒಳಗೆ ನೋಡಿ. ಮುಂದಿನ ಸಲ ತಡಮಾಡಲು ನಿಮಗೇ ಮನಸ್ಸು ಬಾರದು.