ವಿದ್ಯಾದಾನ ಮತ್ತು ವಿದ್ಯಾದಾಸೋಹ

‘ದಾನ’, ‘ದಾಸೋಹ’ ಎಂಬೆರಡು ಶಬ್ದಗಳು ವ್ಯವಹಾರದಲ್ಲಿ ಸಮಾನಾರ್ಥಕಗಳಂತೆ ತೋರಿದರೂ ಭಾವದಲ್ಲಿ ಭಿನ್ನವಾದವು. ‘ದಾಸಃ ಅಹಂ’ ಎಂಬುದು ಸಂಧಿಯಲ್ಲಿ ‘ದಾಸೋಽಹಂ’ ಎಂದಾಗಿ, ಕನ್ನಡದಲ್ಲಿ ‘ದಾಸೋಹ’ವೆಂದು ನೆಲೆನಿಂತಿತು. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ಸೇವಕನು. ಬಡಮಕ್ಕಳಿಗಾಗಿ ಹೊಸ ಶಾಲೆಯನ್ನು ತೆರೆಯಬಯಸುವವರು ಈ ಭೇದವನ್ನು ಮೊದಲು ಮನಗಾಣಬೇಕು.

ಇದಕ್ಕೆ ಉತ್ತರ ಕರ್ನಾಟಕದ ಇತಿಹಾಸದಲ್ಲಿಯೇ ನಿದರ್ಶನಗಳುಂಟು. ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. ಅವರ ಕಾಲಾನಂತರವೂ ಆ ನಿಧಿಯಿಂದ ಬಡ ವಿದ್ಯಾರ್ಥಿಗಳು ಓದಿ ಮುಂದೆ ಬಂದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯನ್ನು ನಾಡು ‘ಸಪ್ತರ್ಷಿ’ಗಳೆಂದು ಗೌರವಿಸುತ್ತದೆ. ಲಿಂಗರಾಜರು ಕೊಟ್ಟುದು ಸಂಪತ್ತನ್ನು. ಇವರು ಕೊಟ್ಟುದು ಬಾಳಿನ ದುಡಿಮೆಯನ್ನು. ಶಾಲೆಗೆ ಎರಡೂ ಬೇಕು.

ವಿಜಯಪುರದಲ್ಲಿ ಇವೆರಡನ್ನೂ ಬೆಸೆದವರು ಫ. ಗು. ಹಳಕಟ್ಟಿಯವರು. ವಕೀಲರಾಗಿದ್ದ ಅವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ತಳಹದಿ ಹಾಕಿದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. ಶಾಲೆ ಹಾಗೂ ಬ್ಯಾಂಕು ಎರಡು ವರ್ಷಗಳ ಅಂತರದಲ್ಲಿ ಹುಟ್ಟಿದುದು ಗಮನಾರ್ಹ. ಜನರ ಉಳಿತಾಯವು ಕೂಡಿಬಂದಲ್ಲದೆ ಜನರ ಶಾಲೆ ಬಾಳದು. ಅನಂತರ ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಆ ಸಂಸ್ಥೆಯ ಬೆಳವಣಿಗೆಗೆ ತಮ್ಮನ್ನು ಅರ್ಪಿಸಿಕೊಂಡರು. ಹೀಗೆ ಮಠದ ಜೋಳಿಗೆಯೂ ಶಾಲೆಯ ಬೊಕ್ಕಸವಾಯಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪ್ರದೇಶಗಳಲ್ಲಿ ಈ ಪಾಠವು ಇನ್ನೂ ಹಳತಾಗಿಲ್ಲ. ನೀರಾವರಿ ಮುಟ್ಟದ ಹೊಲಗಳಲ್ಲಿ ಮಳೆ ಕೈಕೊಟ್ಟರೆ ಕೂಲಿಕಾರ ಕುಟುಂಬಗಳು ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗುತ್ತವೆ. ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ. ಮಗು ಮಾತ್ರ ತಂದೆತಾಯಿಗಳ ಬೆನ್ನಹಿಂದೆ ನಡೆಯುತ್ತದೆ. ಅಂಥ ಮಗುವಿಗೆ ಶುಲ್ಕದ ವಿನಾಯಿತಿಯೊಂದೇ ಸಾಲದು. ಇರಲು ಪ್ರಸಾದ ನಿಲಯವೂ ಎರಡು ಹೊತ್ತಿನ ಜೋಳದ ರೊಟ್ಟಿಯೂ ಬೇಕು.

ಆದುದರಿಂದ ದಾನಿಗಳು ಕೇಳಬೇಕಾದುದು, ‘ಕಟ್ಟಡಕ್ಕೆ ಎಷ್ಟು ತಗಲುವುದು?’ ಎಂದಲ್ಲ, ‘ಹತ್ತನೆಯ ವರ್ಷದಲ್ಲಿ ಅಧ್ಯಾಪಕನ ವೇತನವು ಎಲ್ಲಿಂದ ಬರುವುದು?’ ಎಂದು. ಕೊಠಡಿಯ ಬಾಗಿಲಲ್ಲಿ ಹೆಸರು ಕೆತ್ತಿಸಲು ಹಣ ಬೇಗ ಕೂಡುತ್ತದೆ. ಸಂಬಳಕ್ಕೂ ಊಟಕ್ಕೂ ಕೊಟ್ಟುದು ಕಲ್ಲಿನಲ್ಲಿ ಕಾಣದು. ಸರಕಾರದ ಅನುದಾನವನ್ನೇ ನೆಚ್ಚುವುದೂ ಸಲ್ಲದು. 1995ರ ತರುವಾಯ ತೆರೆದ ಖಾಸಗಿ ಕನ್ನಡ ಶಾಲೆಗಳು ಅದಕ್ಕಾಗಿ ವರ್ಷಗಟ್ಟಲೆ ಕಾದುದನ್ನು ನಾಡು ಕಂಡಿದೆ.

ಮೂಲನಿಧಿಯನ್ನು ಮುಟ್ಟದೆ ಅದರ ಬಡ್ಡಿಯಿಂದ ವೇತನವನ್ನೂ ಅನ್ನವನ್ನೂ ನಡೆಸುವ ಕ್ರಮವೇ ಮೇಲು. ಹಳೆಯ ವಿದ್ಯಾರ್ಥಿಗಳು ಒಮ್ಮೆ ಹಿರಿದಾಗಿ ಕೊಡುವುದಕ್ಕಿಂತ ಪ್ರತಿವರ್ಷ ಕಿರಿದಾಗಿ ಕೊಟ್ಟರೆ ಆ ನಿಧಿ ಬತ್ತದು. ಲೆಕ್ಕಪತ್ರವು ಪ್ರತಿವರ್ಷ ಸಭೆಯ ಮುಂದೆ ಬರಬೇಕು. ಕೊಟ್ಟವನು ಶಾಲೆಯ ಒಡೆಯನಾಗಬಾರದು. ಕೊಟ್ಟವನ ಹೆಸರನ್ನು ಅರಿಯದ ಮಗುವೊಂದು ತಲೆಯೆತ್ತಿ ಓದುವ ದಿನ ದಾನವು ದಾಸೋಹವಾಗುವುದು.